ಇಪ್ಪತ್ತೆರಡು ವರ್ಷದ ಮೇಲೆ ಮತ್ತೆ ಮೆಷಿನ್ ಮುಂದೆ: ನನ್ನ ಮೈಗೆ ಕೂರುವ ಪ್ಯಾಂಟ್ ನಾನೇ ಹೊಲಿದುಕೊಳ್ಳಬಹುದೇ?

ಕಪ್ಪುಮೆಷಿನ್ · ಜೂನ್ 8

ಎಲ್ಲರಿಗೂ ನಮಸ್ಕಾರ. ಊರು ಸಾಗರದ ಕಡೆ, ಇರುವುದು ಬೆಂಗಳೂರು, ವಯಸ್ಸು ಐವತ್ತೊಂದು. ಮದುವೆಗೆ ಮುಂಚೆ ಮಹಿಳಾ ಮಂಡಳಿಯಲ್ಲಿ ಆರು ತಿಂಗಳು ಹೊಲಿಗೆ ಕಲಿತಿದ್ದೆ. ರವಿಕೆ, ಲಂಗ, ಮಗಳ ಫ್ರಾಕು, ದಿಂಬಿನ ಚೀಲ ಎಲ್ಲವೂ ಆಗಿದೆ. ಆಮೇಲೆ ಕೆಲಸಕ್ಕೆ ಸೇರಿದೆ, ಮೆಷಿನ್ ಅಮ್ಮನ ಮನೆಯಲ್ಲಿ ಉಳಿಯಿತು. ಇಪ್ಪತ್ತೆರಡು ವರ್ಷ ಅದು ಒಗೆದ ಬಟ್ಟೆ ಮಡಿಸಿಡುವ ಮೇಜಾಗಿತ್ತು. ಹೋದ ತಿಂಗಳು ಮನೆಗೆ ಸುಣ್ಣ ಬಳಿಸುವಾಗ ಅಮ್ಮ "ಇದನ್ನು ಗುಜರಿಗೆ ಹಾಕಲೇ?" ಎಂದು ಕೇಳಿದರು. ಹೊಟ್ಟೆ ಚುರುಕ್ ಎಂದಿತು. ಕಾಲಿನ ಸ್ಟ್ಯಾಂಡನ್ನು ಅಲ್ಲೇ ಬಿಟ್ಟು, ತಲೆಯನ್ನು ಮಾತ್ರ ಗೋಣಿಚೀಲದಲ್ಲಿ ಸುತ್ತಿ ರಾತ್ರಿ ಬಸ್ಸಿನಲ್ಲಿ ತಂದೆ. ಎರಕದ ಕಬ್ಬಿಣ, ಹತ್ತು ಕಿಲೋ ದಾಟುತ್ತದೆ. ಸ್ಟ್ಯಾಂಡ್ ಇಲ್ಲೇ ಹಳೆಯದೊಂದು ಸಿಕ್ಕಿತು.

ಈಗ ವಿಷಯಕ್ಕೆ ಬರುತ್ತೇನೆ. ನನಗೆ ಬೇಕಾಗಿರುವುದು ರವಿಕೆಯಲ್ಲ, ಪ್ಯಾಂಟ್. ಕಚೇರಿಗೂ ಬೆಳಗಿನ ನಡಿಗೆಗೂ ಆಗುವಂಥ, ನೇರ ಕಾಲಿನ, ಪಾಕೆಟ್ ಇರುವ ಹತ್ತಿಯ ಪ್ಯಾಂಟ್. ಸೊಂಟ 34 ಇಂಚು, ಸೀಟು (ಹಿಂಭಾಗ ಹೆಚ್ಚು ದಪ್ಪವಿರುವಲ್ಲಿನ ಸುತ್ತಳತೆ) 42. ಅಂಗಡಿಯಲ್ಲಿ ಸೀಟಿಗೆ ಸರಿಹೋಗುವುದನ್ನು ತೆಗೆದುಕೊಂಡರೆ ಸೊಂಟದ ಹಿಂದೆ ನಾಲ್ಕು ಬೆರಳು ತೂರುತ್ತವೆ. ಸೊಂಟಕ್ಕೆ ಸರಿಹೋಗುವುದು ತೊಡೆಯ ಮೇಲೆ ಏರುವುದೇ ಇಲ್ಲ. ಹೇಗೋ ಏರಿಸಿದರೂ ಕುಳಿತ ಕೂಡಲೇ ಹಿಂಭಾಗ ಕೆಳಗೆ ಜಾರುತ್ತದೆ, ಮುಂದೆ ಎರಡು ಕಾಲು ಸೇರುವಲ್ಲಿಂದ ಬೆಕ್ಕಿನ ಮೀಸೆಯ ಹಾಗೆ ಗೆರೆಗಳು ಹೊರಡುತ್ತವೆ. ದರ್ಜಿಯೊಬ್ಬರಿಗೆ ಕೊಟ್ಟು ನೋಡಿದೆ. ಹೆಂಗಸರ ಅಳತೆ ತೆಗೆಯಲು ಅವರಿಗೆ ಸಂಕೋಚ, ಹೇಳಲು ನನಗೆ ಸಂಕೋಚ. ಬಂದದ್ದು ಪ್ಯಾಂಟಲ್ಲ, ಎರಡು ಗೋಣಿಚೀಲ.

ರವಿಕೆ ಬಂದವಳಿಗೆ ಪ್ಯಾಂಟ್ ಬರುತ್ತದೆಯೇ? ಎಲ್ಲಿಂದ ಆರಂಭಿಸಲಿ? ಇನ್ನೊಂದು ಮಾತು: ಮೆಷಿನ್ ಈಗ ತಿರುಗುವುದೇ ಇಲ್ಲ.

ಸುಮ್ಮನೆ_ಓದುವವ · ಜೂನ್ 8

ಮೇಡಂ, ಬೇಸರ ಮಾಡಿಕೊಳ್ಳಬೇಡಿ. ಆನ್‌ಲೈನಿನಲ್ಲಿ 600 ರೂಪಾಯಿಗೆ ಪ್ಯಾಂಟ್ ಸಿಗುತ್ತದೆ, ಸರಿಹೋಗದಿದ್ದರೆ ವಾಪಸ್ಸು ಕಳಿಸಬಹುದು. ಬಟ್ಟೆ, ದಾರ, ಜಿಪ್ ಎಂದು ಅದಕ್ಕಿಂತ ಹೆಚ್ಚೇ ಖರ್ಚಾಗುತ್ತದೆ.

ಕಪ್ಪುಮೆಷಿನ್ · ಜೂನ್ 8

ವಾಪಸ್ಸು ಕಳಿಸಿ ಕಳಿಸಿ ಕೊರಿಯರ್ ಹುಡುಗ ನಮ್ಮ ಮನೆಯವನೇ ಆಗಿದ್ದಾನೆ.

ಎಣ್ಣೆಕೈ · ಜೂನ್ 9

ಮೊದಲು ಮೆಷಿನ್ ವಿಚಾರ. ಅಕ್ಕ, ನಿಜ ಹೇಳಿ, ಅದಕ್ಕೆ ತೆಂಗಿನೆಣ್ಣೆ ಬಿಟ್ಟಿದ್ದಿರಿ ತಾನೇ? ನನ್ನ ಹತ್ತಿರ ಬರುವ ಹತ್ತು ಹಳೆಯ ಮೆಷಿನ್‌ಗಳಲ್ಲಿ ಏಳರ ಕಥೆ ಇದೇ. ಅಡುಗೆ ಎಣ್ಣೆ ವರ್ಷಗಟ್ಟಲೆ ನಿಂತರೆ ಅಂಟಾಗಿ ಗಟ್ಟಿಯಾಗುತ್ತದೆ. ಮೆಷಿನ್ ಕೆಟ್ಟಿಲ್ಲ, ಅಂಟಿಕೊಂಡಿದೆ ಅಷ್ಟೇ.

ಬೆಲ್ಟ್, ಸೂಜಿ, ಬಾಬಿನ್ ಎಲ್ಲವನ್ನೂ ತೆಗೆಯಿರಿ. ಮೇಲೆ, ಪಕ್ಕದಲ್ಲಿ, ಅಡಿಯಲ್ಲಿ ಎಣ್ಣೆ ಬಿಡುವ ತೂತುಗಳಿವೆ. ಪ್ರತಿಯೊಂದಕ್ಕೂ ಎರಡು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ, ಹತ್ತಿರ ದೀಪ, ಒಲೆ ಇರಬಾರದು. ಬೆಳಿಗ್ಗೆ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ಬಲ ಹಾಕಬೇಡಿ. ಬಿಟ್ಟುಕೊಂಡ ಮೇಲೆ ಕಪ್ಪು ಕೊಳೆ ಹೊರಬರುತ್ತದೆ, ಹಳೆಯ ಬನಿಯನ್ ತುಂಡಿನಲ್ಲಿ ಒರೆಸಿ. ಬಟ್ಟೆಯನ್ನು ಮುಂದಕ್ಕೆ ದೂಡುವ ಹಲ್ಲುಪಟ್ಟಿಯ ಕೆಳಗೆ ಹಳೆಯ ನೂಲಿನ ಕಸ ಕಂಬಳಿಯಂತೆ ಕೂತಿರುತ್ತದೆ, ಅದನ್ನೂ ಬ್ರಷ್ಷಿನಿಂದ ತೆಗೆಯಿರಿ. ಸೀಮೆಎಣ್ಣೆ ತೊಳೆಯಲು ಮಾತ್ರ, ಓಡಿಸಲು ಅಲ್ಲ. ಆದ್ದರಿಂದ ಕೊನೆಗೆ ಮೆಷಿನ್ ಎಣ್ಣೆ ಬಿಟ್ಟು, ದಾರವಿಲ್ಲದೆ ಹತ್ತು ನಿಮಿಷ ತುಳಿದು, ಚಿಂದಿಯ ಮೇಲೆ ಹೊಲಿದು ಎಣ್ಣೆಯ ಕಲೆ ನಿಂತ ಮೇಲೆ ಒಳ್ಳೆಯ ಬಟ್ಟೆ ಇಡಿ.

ಚರ್ಮದ ಬೆಲ್ಟ್ ಸಡಿಲವಾಗಿದ್ದರೆ ಅರ್ಧ ಇಂಚು ಕತ್ತರಿಸಿ ಮತ್ತೆ ಕೊಕ್ಕೆ ಹಾಕಿ. ಸೂಜಿ ಹೊಸದೇ ಬೇಕು. ಸಾಧಾರಣ ಹತ್ತಿಗೆ 14, ದಪ್ಪ ಪ್ಯಾಂಟ್ ಬಟ್ಟೆಗೆ 16, ಜೀನ್ಸ್‌ಗೆ 18. ಸೂಜಿಯ ಉದ್ದ ಗೀರು ದಾರ ಬರುವ ಕಡೆಗಿರಲಿ. ಬಟ್ಟೆಯ ಅಡಿಯಲ್ಲಿ ದಾರ ಹಕ್ಕಿಗೂಡಿನಂತೆ ಸಿಕ್ಕಿಕೊಂಡರೆ ಎಲ್ಲರೂ ಬಾಬಿನ್ನನ್ನು ಬೈಯುತ್ತಾರೆ. ತಪ್ಪು ಇರುವುದು ಮೇಲಿನ ದಾರದಲ್ಲಿ: ಅದು ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ತಟ್ಟೆಗಳ ನಡುವೆ ಕೂತಿರುವುದಿಲ್ಲ.

ದಾವಣಗೆರೆ_ಕತ್ತರಿ · ಜೂನ್ 9

ಮೂವತ್ತೆಂಟು ವರ್ಷ ಪ್ಯಾಂಟ್ ಕಟಿಂಗ್ ಮಾಡಿ ಈಗ ಮನೆಯಲ್ಲಿ ಕುಳಿತಿದ್ದೇನೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ತಂಗಿ, ರವಿಕೆ ಬರುವವರಿಗೆ ಪ್ಯಾಂಟ್ ಬಂದೇ ಬರುತ್ತದೆ. ರವಿಕೆಯ ಕಂಕುಳು ಕೂರಿಸಿದವರಿಗೆ ಪ್ಯಾಂಟಿನ ಕವಲು ದೊಡ್ಡದಲ್ಲ. ಕಂಕುಳಲ್ಲಿ ತೋಳು ಸೇರುತ್ತದೆ, ಇಲ್ಲಿ ಕಾಲು ಸೇರುತ್ತದೆ.

ಅಳತೆ ಹೀಗೆ ತೆಗೆಯಿರಿ. ಸೊಂಟಕ್ಕೆ ಒಂದು ಲಾಡಿ ಕಟ್ಟಿಕೊಳ್ಳಿ, ಪ್ಯಾಂಟ್ ಎಲ್ಲಿ ನಿಲ್ಲಬೇಕೋ ಅಲ್ಲಿ. ಗಟ್ಟಿ ಕುರ್ಚಿಯ ಮೇಲೆ ನೆಟ್ಟಗೆ ಕೂತು ಪಕ್ಕದಲ್ಲಿ ಲಾಡಿಯಿಂದ ಕುರ್ಚಿಯ ಹಲಗೆವರೆಗೆ ಟೇಪು ಇಳಿಬಿಡಿ. ಅದಕ್ಕೆ ಮುಕ್ಕಾಲು ಇಂಚು ಸೇರಿಸಿ. ಅದು ಸೀಟಿನ ಆಳ. ಸೀಟಿನ ಸುತ್ತಳತೆಯನ್ನು ಎಲ್ಲಿ ಹೆಚ್ಚು ದಪ್ಪವೋ ಅಲ್ಲಿ ತೆಗೆಯಿರಿ, ಉಸಿರು ಹಿಡಿಯಬೇಡಿ. ಅಳತೆಗೆ ಸುಳ್ಳು ಹೇಳಿದರೆ ಬಟ್ಟೆ ನಿಜ ಹೇಳುತ್ತದೆ.

ಕವಲಿನ ಅಗಲಕ್ಕೆ ನನ್ನ ಗುರುಗಳು ಕೊಟ್ಟ ಲೆಕ್ಕ: ಮುಂಭಾಗಕ್ಕೆ ಸೀಟಿನ ಹದಿನಾರರಲ್ಲಿ ಒಂದು ಪಾಲು, ಹಿಂಭಾಗಕ್ಕೆ ಅದರ ಎರಡರಷ್ಟಕ್ಕೆ ತುಸು ಕಡಿಮೆ. ನಿಮ್ಮ 42ಕ್ಕೆ ಮುಂದಿನದು ಎರಡೂವರೆ ಇಂಚು ದಾಟುತ್ತದೆ.

ಎಲ್ಲಕ್ಕಿಂತ ದೊಡ್ಡ ಗುಟ್ಟು ಇದು. ಹಿಂದಿನ ಸೀಟಿನ ಹೊಲಿಗೆಯನ್ನು ಕಟ್ಟಕಡೆಗೆ ಹಾಕಿ. ಸೊಂಟದ ಪಟ್ಟಿಯನ್ನು ಒಂದೇ ತುಂಡಾಗಿ ಹಾಕಬೇಡಿ, ಎಡಕ್ಕೊಂದು ಬಲಕ್ಕೊಂದು ಹಾಕಿ. ಆಮೇಲೆ ಪಟ್ಟಿಯಿಂದ ಹಿಡಿದು ಕವಲಿನವರೆಗೆ ಒಂದೇ ಹೊಲಿಗೆಯಲ್ಲಿ ಇಳಿಯಿರಿ. ಮೇಲೆ ಒಂದೂವರೆ ಇಂಚು ಮಾರ್ಜಿನ್ (ಹೊಲಿಗೆಯಿಂದಾಚೆ ಉಳಿಸುವ ಬಟ್ಟೆ) ಬಿಟ್ಟು, ಕೆಳಗೆ ಬಾಗಿಗೆ ಬಂದಾಗ ಅರ್ಧ ಇಂಚಿಗೆ ಇಳಿಸಿ. ಗಂಡಸರ ಹೊಲಿಸಿದ ಪ್ಯಾಂಟನ್ನು ತಿರುವಿ ನೋಡಿ, ಹೀಗೇ ಇರುತ್ತದೆ. ಮದುವೆಯಾದ ಮೇಲೆ ಹೊಟ್ಟೆ ಬಂದರೂ ಅದೇ ಪ್ಯಾಂಟನ್ನು ಬಿಚ್ಚಿ ಹಿಗ್ಗಿಸಿ ಹತ್ತು ವರ್ಷ ಹಾಕುತ್ತಿದ್ದರು. ಸಿದ್ಧ ಉಡುಪಿನಲ್ಲಿ ಆ ಬಟ್ಟೆ ಉಳಿಸಿರುವುದಿಲ್ಲ.

ಸ್ಯಾಂಪಲ್_ಟೈಲರ್ · ಜೂನ್ 10

ನಾನು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹದಿನಾಲ್ಕು ವರ್ಷ ದುಡಿದೆ, ಅದರಲ್ಲಿ ಕೊನೆಯ ಐದು ವರ್ಷ ಸ್ಯಾಂಪಲ್ ವಿಭಾಗದಲ್ಲಿ. ಲೈನಿನಲ್ಲಿದ್ದಾಗ ನಾನು ಒಂದು ಪೂರ್ತಿ ಪ್ಯಾಂಟ್ ಹೊಲಿದೇ ಇರಲಿಲ್ಲ. ಒಂಬತ್ತು ವರ್ಷ ಬರೀ ಪಾಕೆಟ್. ಪಕ್ಕದವಳದು ಬರೀ ಜಿಪ್. ಇಡೀ ಪ್ಯಾಂಟ್ ಹೊಲಿಯುವುದನ್ನು ಸ್ಯಾಂಪಲ್‌ಗೆ ಹೋದ ಮೇಲೆ ಕಲಿತದ್ದು.

ಅಕ್ಕ, ಅಂಗಡಿಯ ಪ್ಯಾಂಟ್ ನಿಮಗೆ ಏಕೆ ಕೂರುವುದಿಲ್ಲ ಎಂದು ಹೇಳುತ್ತೇನೆ. ಮೊದಲು ಒಂದೇ ಸೈಜಿನಲ್ಲಿ, ಒಬ್ಬ ಮಾಡೆಲ್‌ನ ಮೈಮೇಲೆ ಪ್ಯಾಂಟ್ ಸರಿಮಾಡುತ್ತಾರೆ. ಮಿಕ್ಕ ಸೈಜುಗಳೆಲ್ಲ ಲೆಕ್ಕದಲ್ಲಿ ಹಿಗ್ಗುತ್ತವೆ: ಸೊಂಟ ಎರಡು ಇಂಚು ಹೆಚ್ಚಿದರೆ ಸೀಟೂ ಎರಡು ಇಂಚು. ಮೈ ಹಾಗೆ ಹಿಗ್ಗುತ್ತದೆಯೇ? ಒಬ್ಬಳಿಗೆ ಹೊಟ್ಟೆ ಬರುತ್ತದೆ, ಒಬ್ಬಳಿಗೆ ತೊಡೆ. ನಿಮ್ಮ ಸೊಂಟಕ್ಕೂ ಸೀಟಿಗೂ ಎಂಟು ಇಂಚು ಅಂತರವಿದೆ, ಅದರಲ್ಲಿ ಹೆಚ್ಚಿನ ಪಾಲು ಹಿಂದೆಯೇ ಇರಬೇಕು. ಹಿಂಭಾಗಕ್ಕೆ ಒಂದೊಂದು ಕಡೆ ಎರಡೆರಡು ಟಕ್ಸ್ (ಬಟ್ಟೆಯನ್ನು ಚೂಪಾಗಿ ಮಡಿಸಿ ಹಾಕುವ ಹೊಲಿಗೆ) ಹಾಕಿ. ಸೊಂಟದ ಪಟ್ಟಿಯನ್ನು ನೇರವಾಗಿ ಕತ್ತರಿಸಬೇಡಿ, ಬಾಗಿದ ಪಟ್ಟಿ ಕತ್ತರಿಸಿ ಕ್ಯಾನ್ವಾಸ್ ಅಂಟಿಸಿ. ನೇರ ಪಟ್ಟಿ ಡಬ್ಬಿಯ ಬಾಯಿಯಂತೆ ಮೇಲೆ ನಿಲ್ಲುತ್ತದೆ, ಬಾಗಿದ್ದು ಮೈಗೆ ಒರಗುತ್ತದೆ.

ಸೀದಾ ಒಳ್ಳೆಯ ಬಟ್ಟೆಗೆ ಕೈ ಹಾಕಬೇಡಿ. ಕೋರಾ, ಅಂದರೆ ಬಿಳುಪು ಮಾಡದ ಅಗ್ಗದ ಬಟ್ಟೆಯಲ್ಲಿ ಒಂದು ಟ್ರಯಲ್ ಮಾಡಿ. ಕತ್ತರಿಸುವ ಮೊದಲು ಅದರ ಮೇಲೆ ಪೆನ್ಸಿಲ್ಲಿನಲ್ಲಿ ಸೀಟಿನ ಮಟ್ಟಕ್ಕೆ ಅಡ್ಡಗೆರೆ, ಕಾಲಿನ ನಡುವೆ ಉದ್ದಗೆರೆ ಎಳೆಯಿರಿ. ಹಾಕಿಕೊಂಡಾಗ ಆ ಗೆರೆ ಎಲ್ಲಿ ಸೊಟ್ಟಗಾಗುತ್ತದೋ ಅಲ್ಲಿ ದೋಷವಿದೆ. ಎಲ್ಲ ಕಡೆ ಒಂದೊಂದು ಇಂಚು ಮಾರ್ಜಿನ್ ಇರಲಿ.

ಸ್ಟುಟ್‌ಗಾರ್ಟ್_ಸೂಜಿ · ಜೂನ್ 10

ಜರ್ಮನಿಯಿಂದ ನನ್ನದೂ ಒಂದು ಮಾತು. ಇಲ್ಲಿನ ಹೊಲಿಗೆ ಪತ್ರಿಕೆಯೊಂದರ ನಕ್ಷೆಯಲ್ಲಿ ಮಾರ್ಜಿನ್ ಸೇರಿರುವುದಿಲ್ಲ, ನಾವೇ ಸೇರಿಸಿಕೊಳ್ಳಬೇಕು. ಅದನ್ನು ಓದದೆ ಗೆರೆಯ ಮೇಲೇ ಕತ್ತರಿಸಿದೆ. ಆ ಪ್ಯಾಂಟನ್ನು ಈಗ ನನ್ನ ಹನ್ನೆರಡು ವರ್ಷದ ಮಗಳು ಹಾಕುತ್ತಿದ್ದಾಳೆ.

ನನ್ನ ಸಲಹೆ: ಮೊದಲನೆಯದಕ್ಕೆ ಜಿಪ್ಪಿನ ತಂಟೆ ಬೇಡ. ಮುಂದೆ ಚಪ್ಪಟೆ ಪಟ್ಟಿ, ಹಿಂದೆ ಇಲಾಸ್ಟಿಕ್. ಸೊಂಟದ ಅಂತರ ತಾನಾಗಿಯೇ ಸರಿಹೋಗುತ್ತದೆ.

ಭಾರತದ ಮೈಗಳಿಗೆ ನಮ್ಮದೇ ಸೈಜಿನ ಪಟ್ಟಿ ಬೇಕೆಂದು ಫ್ಯಾಷನ್ ಶಿಕ್ಷಣದ ನಿಫ್ಟ್ ಸಂಸ್ಥೆಯವರು ಕೈಗೊಂಡ 'ಇಂಡಿಯಾಸೈಜ್' ಸಮೀಕ್ಷೆಯ ಬಗ್ಗೆಯೂ ಓದಿ. ಆರು ನಗರಗಳಲ್ಲಿ 25,000 ಜನರನ್ನು ತ್ರಿ‑ಡಿ ಸ್ಕ್ಯಾನರಿನಲ್ಲಿ ಅಳೆಯುವ ಯೋಜನೆ ಅದು, ಬೆಂಗಳೂರೂ ಆ ಆರರಲ್ಲಿ ಒಂದು.

ದಾವಣಗೆರೆ_ಕತ್ತರಿ · ಜೂನ್ 10

ಇಲಾಸ್ಟಿಕ್ ಹಾಕಿದ ಮೇಲೆ ಅದು ಪ್ಯಾಂಟಲ್ಲ, ಪೈಜಾಮ. ಪೈಜಾಮ ಹೊಲಿಯಲು ಇಷ್ಟು ಮಾತು ಬೇಕಾಗಿರಲಿಲ್ಲ.

ಸ್ಟುಟ್‌ಗಾರ್ಟ್_ಸೂಜಿ · ಜೂನ್ 10

ಯಜಮಾನರೇ, ಊಟವಾದ ಮೇಲೆ ಉಸಿರಾಡುವ ಸುಖ ನಿಮಗೆ ತಿಳಿಯದು.

ಉದ್ದಕಾಲು · ಜೂನ್ 11

ಆರು ಅಡಿ ಮೂರು ಇಂಚಿನ ಗಂಡಸು ನಾನು. ಯಾವ ಪ್ಯಾಂಟೂ ಹಿಮ್ಮಡಿ ಮುಟ್ಟದ ಸಿಟ್ಟಿನಲ್ಲಿ ಹೊಲಿಗೆ ಕಲಿತೆ. ಕತ್ತರಿ ಯಜಮಾನರ ಲೆಕ್ಕಕ್ಕೆ ನನ್ನದೊಂದು ತಕರಾರಿದೆ. ಆ ಲೆಕ್ಕ ಕವಲಿನ ಉದ್ದ, ಅಗಲ ಹೇಳುತ್ತದೆ, ಆಕಾರ ಹೇಳುವುದಿಲ್ಲ. ಇಬ್ಬರಿಗೆ ಸೀಟು 42 ಇರಬಹುದು. ಒಬ್ಬರ ಬಾಗು ಕುಡುಗೋಲಿನಂತೆ ನಿಧಾನವಾಗಿ ಇಳಿಯುತ್ತದೆ, ಇನ್ನೊಬ್ಬರದು ದೋಟಿಯ ಕೊಕ್ಕೆಯಂತೆ ನೇರ ಇಳಿದು ತಟ್ಟನೆ ತಿರುಗುತ್ತದೆ. ಟೇಪಿಗೆ ಎರಡೂ ಒಂದೇ.

ನಾನು ಮಾಡಿದ್ದು ಇದು. ಎಲೆಕ್ಟ್ರಿಕ್ ಅಂಗಡಿಯಿಂದ ಒಂದೂವರೆ ಮೀಟರ್ ದಪ್ಪ ತಾಮ್ರದ ವೈರ್ ತಂದೆ, ಒಂದೇ ಗಟ್ಟಿ ಎಳೆಯದು, ಮೇಲೆ ಪ್ಲಾಸ್ಟಿಕ್ ಇರುವುದು. ಮುಂದೆ ಸೊಂಟದ ಲಾಡಿಯಿಂದ ಹಿಡಿದು ಕಾಲಿನ ನಡುವೆ ತಂದು ಹಿಂದಿನ ಲಾಡಿಯವರೆಗೆ ಮೈಗೆ ಮೆಲ್ಲಗೆ ಒತ್ತಿದೆ. ಕವಲಿನ ಬಿಂದುವಿಗೆ ಟೇಪ್ ಅಂಟಿಸಿ ಗುರುತು ಮಾಡಿಕೊಂಡೆ. ಆಕಾರ ಕೆಡದಂತೆ ಹೊರತೆಗೆದು ದಿನಪತ್ರಿಕೆಯ ಮೇಲೆ ಇಟ್ಟು ಗೆರೆ ಎಳೆದೆ. ನನ್ನ ಕಟಿಂಗ್ ಪೇಪರಿನ ಬಾಗಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಬಾಗಿಲು ಹಾಕಿಕೊಂಡು ಮಾಡಿ. ನನ್ನ ಹೆಂಡತಿ ನಡುವೆ ಬಂದು ಇವತ್ತಿಗೂ ನೆನೆಸಿಕೊಂಡು ನಗುತ್ತಾಳೆ.

ಕಪ್ಪುಮೆಷಿನ್ · ಜೂನ್ 21

ತಡವಾಯಿತು, ಕ್ಷಮಿಸಿ. ಮೊದಲನೆಯ ಸುದ್ದಿ: ಮೆಷಿನ್ ತಿರುಗಿತು. ತೆಂಗಿನೆಣ್ಣೆ ಬಿಟ್ಟದ್ದು ನಿಜ, ಎಣ್ಣೆಕೈ ಅವರ ಮುಂದೆ ತಲೆ ತಗ್ಗಿಸಿದ್ದೇನೆ. ಎರಡು ರಾತ್ರಿ ಸೀಮೆಎಣ್ಣೆ ಕುಡಿದ ಮೇಲೆ ಮೂರನೆಯ ಬೆಳಿಗ್ಗೆ ಚಕ್ರ ಕಾಲು ಸುತ್ತು ಹೋಗಿ ನಿಂತಿತು, ಆಮೇಲೆ ಅರ್ಧ, ಆಮೇಲೆ ಇಡೀ ಸುತ್ತು. ಹಲ್ಲುಪಟ್ಟಿಯ ಕೆಳಗಿನ ಕಸದಲ್ಲಿ ಗುಲಾಬಿ ನೂಲಿತ್ತು. ಮಗಳ ಮೂರನೇ ವರ್ಷದ ಹುಟ್ಟುಹಬ್ಬದ ಫ್ರಾಕಿನದು. ಅವಳಿಗೆ ಈಗ ಇಪ್ಪತ್ತೈದು.

ತುಳಿಯಲು ಕುಳಿತರೆ ಕಾಲಿಗೆ ಎಲ್ಲ ನೆನಪಿದೆ, ಕೈಗೆ ಇಲ್ಲ. ಚಕ್ರ ಹಿಂದಕ್ಕೆ ತಿರುಗಿ ದಾರ ಹರಿಯುವುದೇ ಆಯಿತು ಮೊದಲ ದಿನ.

ಎರಡನೆಯದು: ವೈರ್. ಮಾಡಿದೆ. ಬಾಗಿಲು ಹಾಕಿಕೊಂಡೇ ಮಾಡಿದೆ. ನನ್ನದು ದೋಟಿಯ ಕೊಕ್ಕೆ! ಹಿಂದೆ ನೇರವಾಗಿ ಇಳಿದು, ಕೆಳಗೆ ಬಂದು ಒಮ್ಮೆಗೇ ತಿರುಗುತ್ತದೆ. ಕತ್ತರಿ ಯಜಮಾನರ ಲೆಕ್ಕದಂತೆ ಪೇಪರ್ ಕಟಿಂಗ್ ಮಾಡಿ, ಅದರ ಮೇಲೆ ವೈರಿನ ಆಕಾರ ಇಟ್ಟೆ. ಉದ್ದ ಸರಿಯಿದೆ, ಆದರೆ ಬಾಗಿನ ತಳ ಪೇಪರಿನಲ್ಲಿ ಒಂದು ಜಾಗದಲ್ಲಿದೆ, ವೈರಿನಲ್ಲಿ ಇನ್ನೊಂದು ಜಾಗದಲ್ಲಿದೆ. ಇಬ್ಬರ ಮಾತೂ ಬೇಕೆಂದು ಅಗಲಕ್ಕೆ ಯಜಮಾನರ ಲೆಕ್ಕ ಇಟ್ಟುಕೊಂಡು ಬಾಗನ್ನು ವೈರಿನಂತೆ ಎಳೆದೆ.

ಕೋರಾ ಬಟ್ಟೆಯಲ್ಲಿ ಕಪ್ಪು ದಾರದಿಂದ, ಉದ್ದುದ್ದ ಹೊಲಿಗೆ ಹಾಕಿ ಟ್ರಯಲ್ ಆಯಿತು. ಕಾಲುಗಳನ್ನು ಬೇರೆ ಬೇರೆ ಹೊಲಿದು, ಒಂದನ್ನು ಸರಿಯಾಗಿ ತಿರುವಿ ಇನ್ನೊಂದರೊಳಗೆ ತೂರಿಸಿ ಕವಲನ್ನು ಒಂದೇ ಸಲ ಹೊಲಿಯುವುದು ಮಂಡಳಿಯಲ್ಲಿ ಪೈಜಾಮಕ್ಕೆ ಹೇಳಿಕೊಟ್ಟಿದ್ದರು, ಅದು ನೆನಪಿತ್ತು. ಸೊಂಟಕ್ಕೆ ಇಲಾಸ್ಟಿಕ್ ಕಟ್ಟಿ ನಿಲ್ಲಿಸಿ, ಮಗಳಿಂದ ಮೂರು ಕಡೆಯ ಫೋಟೋ ತೆಗೆಸಿದೆ. ಮುಂದೆ: ಕವಲಿನಿಂದ ಪಕ್ಕಕ್ಕೆ ಮೂರು ಗೆರೆಗಳು ಬೀಸಣಿಗೆಯಂತೆ. ಹಿಂದೆ: ಸೀಟಿನ ಅಡ್ಡಗೆರೆ ಪಕ್ಕದಲ್ಲಿ ನೆಟ್ಟಗಿದ್ದು ನಡುವೆ ಒಂದು ಬೆರಳು ಮೇಲಕ್ಕೆ ಎದ್ದಿದೆ. ಕುಳಿತರೆ ಹಿಂಭಾಗ ಇನ್ನೂ ಜಾರುತ್ತದೆ. ಸೊಂಟ ಮಾತ್ರ ಚೆನ್ನಾಗಿ ಕೂತಿದೆ, ಎರಡೆರಡು ಟಕ್ಸ್ ಕೆಲಸ ಮಾಡಿದವು.

ಸ್ಯಾಂಪಲ್_ಟೈಲರ್ · ಜೂನ್ 21

ಮುಂದಿನ ಮೀಸೆಗೆ: ಮುಂಭಾಗದ ಕವಲಿನ ತುದಿ ಗಿಡ್ಡವಾಗಿದೆ, ತೊಡೆಗೆ ಬಟ್ಟೆ ಸಾಲದೆ ಎಳೆಯುತ್ತಿದೆ. ಕಾಲಿನ ಒಳ ಹೊಲಿಗೆಯನ್ನು ಮೇಲಿನಿಂದ ಒಂದು ಗೇಣು ಬಿಚ್ಚಿ, ಮುಂಭಾಗದ ಮಾರ್ಜಿನ್‌ನಿಂದ ಅರ್ಧ ಇಂಚು ಬಿಟ್ಟುಕೊಡಿ. ಕೆಳಗೆ ಬರುತ್ತ ಅದನ್ನು ಹಳೆಯ ಗೆರೆಗೆ ಸೇರಿಸಿ. ಪಕ್ಕದ ಹೊಲಿಗೆಯನ್ನು ಮುಟ್ಟಬೇಡಿ. ಎಲ್ಲರೂ ಬಿಗಿ ಎಂದ ಕೂಡಲೇ ಪಕ್ಕದಲ್ಲಿ ಬಿಡುತ್ತಾರೆ, ಆಗ ಪ್ಯಾಂಟ್ ಅಗಲವಾಗುತ್ತದೆ, ಮೀಸೆ ಅಲ್ಲೇ ಉಳಿಯುತ್ತದೆ.

ಹಿಂದಿನ ಗೆರೆ ಮೇಲೆದ್ದಿದೆ ಎಂದರೆ ಹಿಂದೆ ಉದ್ದ ಸಾಲುತ್ತಿಲ್ಲ. ಸೀಟಿನ ಗೆರೆಯ ಮೇಲೆ ನಡುವಿನಿಂದ ಪಕ್ಕದ ಹೊಲಿಗೆಯವರೆಗೆ ಕತ್ತರಿಸಿ, ಪಕ್ಕದಲ್ಲಿ ಎಳೆಯಷ್ಟು ಬಿಡಿ. ನಡುವೆ ಬಾಯಿ ತೆರೆದು ಗೆರೆ ನೆಟ್ಟಗಾಗುವವರೆಗೆ ಅಗಲಿಸಿ, ಅಡಿಯಲ್ಲಿ ಚಿಂದಿ ಇಟ್ಟು ಪಿನ್ ಹಾಕಿ. ಎಷ್ಟು ತೆರೆಯಿತೋ ಅಷ್ಟನ್ನು ಪೇಪರಿನಲ್ಲೂ ಬೆಣೆಯಂತೆ ಸೇರಿಸಿ.

ದಾವಣಗೆರೆ_ಕತ್ತರಿ · ಜೂನ್ 22

ಸ್ಯಾಂಪಲ್ ತಂಗಿ ಹೇಳಿದ್ದು ಸರಿ. ಒಂದು ಎಚ್ಚರಿಕೆ ಮಾತ್ರ. ಬಾಗು ಸಾಲದು ಎಂದು ಕವಲಿನ ತಳವನ್ನು ಕತ್ತರಿಯಿಂದ ಇನ್ನಷ್ಟು ತೋಡುವ ಚಪಲ ಬರುತ್ತದೆ. ಕಾಲು ಇಂಚಿಗಿಂತ ಹೆಚ್ಚು ಒಮ್ಮೆಗೆ ತೋಡಬೇಡಿ, ತೋಡಿದ್ದು ಹಿಂದಕ್ಕೆ ಬರುವುದಿಲ್ಲ. ಆಕಾರ ಬದಲಾಗುವುದು ಹೊಲಿಗೆ ಎಲ್ಲಿ ಬೀಳುತ್ತದೆ ಎಂಬುದರಿಂದ. ಮೊದಲು ಹೊಲಿಗೆಯನ್ನು ಇಳಿಸಿ ಹಾಕಿ ನೋಡಿ, ಆಮೇಲೆ ಕತ್ತರಿ.

ವೈರ್ ಹಾಕಿದ ತಮ್ಮನಿಗೆ: ನಮ್ಮ ಕಾಲದಲ್ಲಿ ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಹಿಂದಿನಿಂದ ನೋಡಿ ಬಾಗು ಗೊತ್ತುಮಾಡಿಕೊಳ್ಳುತ್ತಿದ್ದೆವು. ಮನೆಯಲ್ಲಿ ಹೊಲಿಯುವವರು ತಮ್ಮ ಬೆನ್ನನ್ನು ತಾವು ನೋಡಲಾಗುವುದಿಲ್ಲವಲ್ಲ, ವೈರ್ ಇರಲಿ.

ಕಪ್ಪುಮೆಷಿನ್ · ಜೂನ್ 25

ಎರಡನೆಯ ಟ್ರಯಲ್. ಮೀಸೆ ಹೋಯಿತು! ಅರ್ಧ ಇಂಚಿನ ಕೆಲಸ, ಇಷ್ಟು ವರ್ಷ ಎಷ್ಟು ಪ್ಯಾಂಟ್ ಕೊಂಡೆನೋ. ಹಿಂದೆ ಬೆಣೆ ಮುಕ್ಕಾಲು ಇಂಚು ತೆರೆಯಿತು, ಗೆರೆ ನೆಟ್ಟಗಾಯಿತು, ಕುಳಿತರೆ ಜಾರುತ್ತಿಲ್ಲ. ಆದರೆ ಈಗ ಹೊಸ ಕಾಟ. ನಿಂತಾಗ ಹಿಂದೆ, ಸೀಟಿನ ಕೆಳಗೆ ತೊಡೆಯ ಮೇಲ್ಭಾಗದಲ್ಲಿ ಎರಡು ಮಡಿಕೆ ಜೋತು ಬೀಳುತ್ತಿದೆ.

ದಾವಣಗೆರೆ_ಕತ್ತರಿ · ಜೂನ್ 25

ಹಿಂಭಾಗದ ಒಳ ಹೊಲಿಗೆ ಉದ್ದವಾಗಿದೆ. ಹಿಂದಿನ ತುಂಡನ್ನು ಕವಲಿನ ಹತ್ತಿರ ಅರ್ಧ ಇಂಚು ಇಳಿಸಿ ಕತ್ತರಿಸಿ. ಈಗ ಅದು ಮುಂದಿನದಕ್ಕಿಂತ ಗಿಡ್ಡವಾಗುತ್ತದೆ. ಇಸ್ತ್ರಿಯ ಹಬೆಯಲ್ಲಿ ಮೇಲಿನ ಒಂದು ಗೇಣನ್ನು ಎಳೆದು ಹಿಗ್ಗಿಸಿ ಮುಂದಿನದಕ್ಕೆ ಸರಿಮಾಡಿ ಹೊಲಿಯಿರಿ. ಮಡಿಕೆ ಮಾಯವಾಗುತ್ತದೆ. ಉಳಿದದ್ದನ್ನು ಸೀಟಿನ ಕೆಳಗೆ ಅಡ್ಡಕ್ಕೆ ಚಿವುಟಿ ತೆಗೆಯಿರಿ. ನಿಂತರೆ ಕನ್ನಡಿಯಂತೆ ಇರಬೇಕು.

ಸ್ಯಾಂಪಲ್_ಟೈಲರ್ · ಜೂನ್ 25

ಅಣ್ಣ, ಇಲ್ಲಿ ನಾನು ಒಪ್ಪುವುದಿಲ್ಲ. ಕನ್ನಡಿಯಂತಿರುವ ಪ್ಯಾಂಟ್ ಅಂಗಡಿಯ ಗೊಂಬೆಗೆ ಚೆಂದ. ಗೊಂಬೆ ಬಸ್ ಹತ್ತುವುದಿಲ್ಲ. ನಿಂತಾಗ ಮಡಿಕೆಯಾಗಿ ಕಾಣುವ ಬಟ್ಟೆಯೇ ಕುಳಿತಾಗ ಹಿಂದಕ್ಕೆ ಬೇಕಾಗುವುದು. ಎಲ್ಲವನ್ನೂ ಚಿವುಟಿದರೆ ಜಾರುವ ಕಾಟ ಮತ್ತೆ ಬರುತ್ತದೆ. ಅಕ್ಕ, ತೆಗೆಯುವ ಮುಂಚೆ ಚಕ್ಕಳಮಕ್ಕಳ ಹಾಕಿ ಕುಳಿತು, ರಂಗೋಲಿ ಹಾಕುವಂತೆ ಕುಕ್ಕರಗಾಲಲ್ಲಿ ಕುಳಿತು ನೋಡಿ. ಕುರ್ಚಿಯಲ್ಲಿ ಕೂರುವುದು ಮಾತ್ರ ನಮಗೆ ಪರೀಕ್ಷೆಯಲ್ಲ.

ದಾವಣಗೆರೆ_ಕತ್ತರಿ · ಜೂನ್ 25

ಮಡಿಕೆ ಬಿಟ್ಟ ಪ್ಯಾಂಟನ್ನು ನಾನು ಗಿರಾಕಿಗೆ ಕೊಟ್ಟವನಲ್ಲ.

ಸ್ಯಾಂಪಲ್_ಟೈಲರ್ · ಜೂನ್ 25

ನಿಮ್ಮ ಗಿರಾಕಿಗಳು ರಂಗೋಲಿ ಹಾಕಿದವರಲ್ಲ.

ಕಪ್ಪುಮೆಷಿನ್ · ಜೂನ್ 27

ಇಬ್ಬರೂ ಜಗಳ ನಿಲ್ಲಿಸಿ. ಎರಡನ್ನೂ ಮಾಡಿ ನೋಡಿದೆ. ಪಿನ್ ಹಾಕಿ ಒಂದು ಇಂಚು ಪೂರ್ತಿ ಚಿವುಟಿದಾಗ ಕನ್ನಡಿಯಲ್ಲಿ ಬೆನ್ನು ನೋಡಿ ನನಗೇ ಹೆಮ್ಮೆಯಾಯಿತು. ಮನೆಯಲ್ಲಿ ಬಸ್ಸಿನ ಮೆಟ್ಟಿಲಿಲ್ಲ, ಮಗಳ ಸ್ಟೂಲಿನ ಮೇಲೆ ಕಾಲಿಡಲು ಹೋದೆ. ಮೊಣಕಾಲು ಅರ್ಧಕ್ಕೆ ನಿಂತಿತು, ಪಿನ್ ಚುಚ್ಚಿತು. ಕುಕ್ಕರಗಾಲಂತೂ ಆಗಲೇ ಇಲ್ಲ. ಹಬೆ ಹಿಡಿಸಿ ಹಿಗ್ಗಿಸಿದ್ದು ಮಾತ್ರ ನಿಜವಾಗಿಯೂ ಕೆಲಸ ಮಾಡಿತು, ಒಂದು ಮಡಿಕೆ ಅದರಲ್ಲೇ ಹೋಯಿತು. ಇನ್ನೊಂದನ್ನು ಬಿಟ್ಟಿದ್ದೇನೆ. ಅದು ನನ್ನ ರಂಗೋಲಿಯ ಮಡಿಕೆ.

ಬಟ್ಟೆ ತಂದಿದ್ದೇನೆ. ಊರಿಗೆ ಹೋಗಿದ್ದಾಗ ಹೆಗ್ಗೋಡಿನ ಚರಕ ಮಹಿಳಾ ಸಹಕಾರ ಸಂಘದ ಕೈಮಗ್ಗದ ಬಟ್ಟೆ ಕೊಂಡೆ, ಅಡಿಕೆ ಚೊಗರಿನ (ಅಡಿಕೆ ಬೇಯಿಸಿದ ರಸದ) ಕಂದು ಬಣ್ಣ. ಪನ್ನ (ಬಟ್ಟೆಯ ಅಗಲ) ಸಣ್ಣದಾದ್ದರಿಂದ ಎರಡೂವರೆ ಮೀಟರ್. ರಾತ್ರಿ ನೆನೆಸಿ, ನೆರಳಲ್ಲಿ ಒಣಗಿಸಿ ಅಳೆದರೆ ಹತ್ತು ಸೆಂಟಿಮೀಟರ್ ಕಡಿಮೆ! ನೆನೆಸದೆ ಕತ್ತರಿಸಿದ್ದರೆ ಮೊದಲ ಒಗೆತಕ್ಕೇ ಪ್ಯಾಂಟ್ ಕಣಕಾಲಿಗೆ ಏರುತ್ತಿತ್ತು.

ದಾವಣಗೆರೆ_ಕತ್ತರಿ · ಜೂನ್ 27

ಕೈಮಗ್ಗದ ತೆಳು ಬಟ್ಟೆಗೆ ಸೀಟಿನಲ್ಲಿ ಎಳೆ ಜರುಗುತ್ತದೆ. ಕವಲಿನ ಬಾಗಿಗೆ ಎರಡು ಸಲ ಹೊಲಿಗೆ ಹಾಕಿ, ಅದರ ಜೊತೆ ತೆಳ್ಳನೆಯ ಹತ್ತಿಯ ನಾಡಾ ಒಂದನ್ನು ಸೇರಿಸಿ ಹೊಲಿಯಿರಿ. ಹಾಸು, ಅಂದರೆ ಬಟ್ಟೆಯ ಉದ್ದದ ಎಳೆ, ಕಾಲಿನ ಉದ್ದಕ್ಕೆ ಬರಲಿ. ಬಟ್ಟೆ ಉಳಿಸಲು ಓರೆಯಾಗಿ ಇಟ್ಟರೆ ಕಾಲು ಹಗ್ಗದಂತೆ ತಿರುಚಿಕೊಳ್ಳುತ್ತದೆ.

ಕಪ್ಪುಮೆಷಿನ್ · ಜೂನ್ 29, ರಾತ್ರಿ 11:20

ಯಾರಾದರೂ ಎಚ್ಚರವಿದ್ದೀರಾ? ಹಾಳು ಮಾಡಿಬಿಟ್ಟೆ. ಹಾಸು ನೇರ ಬರಲಿ ಎಂದು ಬಟ್ಟೆ ಮಡಿಸದೆ ಒಂದೊಂದೇ ತುಂಡು ಕತ್ತರಿಸಿದೆ. ಪೇಪರನ್ನು ಮಗುಚಿ ಹಾಕಲು ಮರೆತೆ. ಹಿಂಭಾಗದ ಎರಡೂ ತುಂಡು ಎಡಗಾಲಿನದೇ ಆಗಿವೆ. ಬಟ್ಟೆ ಉಳಿದಿಲ್ಲ, ಹೆಗ್ಗೋಡು ಇಲ್ಲಿಂದ ಮುನ್ನೂರು ಕಿಲೋಮೀಟರಿಗಿಂತ ದೂರ. ಅಳು ಬರುತ್ತಿದೆ.

ದಾವಣಗೆರೆ_ಕತ್ತರಿ · ಜೂನ್ 29, ರಾತ್ರಿ 11:34

ಮೊದಲು ನೀರು ಕುಡಿಯಿರಿ. ನಿಮ್ಮದು ಸಾದಾ ನೇಯ್ಗೆ, ಅಚ್ಚು ಹಾಕಿದ್ದಲ್ಲ, ನೂಲಿಗೇ ಬಣ್ಣ ಹಾಕಿ ನೆಯ್ದದ್ದು. ಅದಕ್ಕೆ ಒಳಮೈ ಹೊರಮೈ ಎಂಬುದು ಎಲ್ಲಿದೆ? ಒಂದು ತುಂಡನ್ನು ಮಗುಚಿ ಹಾಕಿ, ಬಲಗಾಲಾಯಿತು. ಓರೆ ನೇಯ್ಗೆಯ ಡ್ರಿಲ್ ಬಟ್ಟೆ ಆಗಿದ್ದರೆ ಓರೆಗೆರೆ ತಪ್ಪು ದಿಕ್ಕಿಗೆ ಬಂದು ಸಿಕ್ಕಿಬೀಳುತ್ತಿದ್ದಿರಿ.

ಕಪ್ಪುಮೆಷಿನ್ · ಜೂನ್ 29, ರಾತ್ರಿ 11:41

ಮಗುಚಿದೆ. ಯಜಮಾನರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು.

ದಾವಣಗೆರೆ_ಕತ್ತರಿ · ಜೂನ್ 29, ರಾತ್ರಿ 11:43

ಸಕ್ಕರೆ ಕಾಯಿಲೆ ಇದೆ. ಮಲಗಿ.

ಕಪ್ಪುಮೆಷಿನ್ · ಜುಲೈ 6

ಮುಗಿಯಿತು. ಹಾಕಿಕೊಂಡೇ ಬರೆಯುತ್ತಿದ್ದೇನೆ.

ಜಿಪ್ ಮುಂದೆ ಹಾಕಲು ಧೈರ್ಯ ಸಾಲದೆ ಪಕ್ಕದಲ್ಲಿ ಹಾಕಿದೆ, ಎರಡು ಸಲ ಬಿಚ್ಚಿ ಮೂರನೆಯ ಸಲಕ್ಕೆ ನೆಟ್ಟಗೆ ಕೂತಿತು. ನನ್ನ ಮೆಷಿನ್‌ಗೆ ಬರುವುದು ಸೀದಾ ಹೊಲಿಗೆ ಒಂದೇ, ಆದ್ದರಿಂದ ಅಂಚುಗಳನ್ನು ಮೂಲೆಯ ಅಂಗಡಿಯಲ್ಲಿ ಓವರ್‌ಲಾಕ್ ಮಾಡಿಸಿದೆ. ಒಳ ಹೊಲಿಗೆಗೆ ಮಾತ್ರ ಅಂಚು ಮಡಿಸಿ ಮೇಲೆ ಇನ್ನೊಂದು ಹೊಲಿಗೆ ಹಾಕಿದೆ, ತೊಡೆಗೆ ಒರಟಾಗಬಾರದೆಂದು. ಸೊಂಟದ ಪಟ್ಟಿ ಎರಡು ತುಂಡು, ಹಿಂದಿನ ಹೊಲಿಗೆ ಕಟ್ಟಕಡೆಗೆ. ಇದರ ಬೆಲೆ ಆಗಲೇ ತಿಳಿಯಿತು: ಟ್ರಯಲ್‌ನಲ್ಲಿ ಸರಿಯಾಗಿದ್ದ ಸೊಂಟ, ಈ ಮೆತ್ತನೆಯ ಬಟ್ಟೆಯಲ್ಲಿ ಮುಕ್ಕಾಲು ಇಂಚು ಸಡಿಲ ಬಂತು. ಒಂದೇ ಹೊಲಿಗೆ ಬಿಚ್ಚಿ ಒಳಕ್ಕೆ ಹಾಕಿದೆ, ಹತ್ತು ನಿಮಿಷದಲ್ಲಿ ಆಯಿತು.

ಎಲ್ಲ ಸರಿಯಿಲ್ಲ. ಎಡಗಾಲಿನ ಅಂಚು ಬಲಗಾಲಿಗಿಂತ ಒಂದು ದಾರ ಮೇಲಿದೆ. ಟಕ್ಸ್ ಒಂದರ ತುದಿ ಗುಬ್ಬಿಯ ಮೂಗಿನಂತೆ ಎದ್ದಿದೆ, ಇಸ್ತ್ರಿಗೆ ಬಗ್ಗಲಿಲ್ಲ. ನಿನ್ನೆ ಕಚೇರಿಗೆ ಹಾಕಿಕೊಂಡು ಹೋದೆ. ಬಸ್ ಹತ್ತಿದೆ, ಕುಳಿತೆ, ಎದ್ದೆ, ಹಿಂದೆ ಕೈ ಹಾಕಿ ಎಳೆದುಕೊಳ್ಳಲಿಲ್ಲ. ಸಂಜೆ ಮನೆಗೆ ಬಂದ ಮೇಲೆಯೇ ಗಮನಕ್ಕೆ ಬಂದದ್ದು, ಇಡೀ ದಿನ ಒಮ್ಮೆಯೂ ಎಳೆದುಕೊಂಡಿರಲಿಲ್ಲ ಎಂದು.

ಸುಮ್ಮನೆ ಓದುವವರೇ, ಖರ್ಚಿನ ಲೆಕ್ಕ ನೀವು ಹೇಳಿದ್ದಕ್ಕಿಂತ ಜಾಸ್ತಿಯೇ ಆಯಿತು. ಬಟ್ಟೆ, ಕೋರಾ, ಬೆಲ್ಟ್, ಸೂಜಿ, ವೈರ್ ಎಲ್ಲ ಸೇರಿ ಎಷ್ಟೆಂದು ನಾನು ಹೇಳುವುದಿಲ್ಲ.

ಉದ್ದಕಾಲು · ಜುಲೈ 6

ಪಾಕೆಟ್ ಎಷ್ಟು ಆಳ?

ಕಪ್ಪುಮೆಷಿನ್ · ಜುಲೈ 6

ಒಂದು ಗೇಣಿಗಿಂತ ಎರಡು ಬೆರಳು ಹೆಚ್ಚು. ಮೊಬೈಲ್ ಮುಳುಗುತ್ತದೆ, ಕೀಲಿಕೈ ಜೊತೆಗೆ. ಸ್ಯಾಂಪಲ್ ತಂಗಿ ಹೇಳಿಕೊಟ್ಟಂತೆ ಪಾಕೆಟ್ಟಿನ ಚೀಲದ ಮೇಲ್ತುದಿಯನ್ನು ಸೊಂಟದ ಪಟ್ಟಿಯೊಳಗೆ ಸೇರಿಸಿ ಹೊಲಿದೆ. ಅದರಿಂದ ನಡೆಯುವಾಗ ಮೊಬೈಲ್ ತೊಡೆಗೆ ಬಡಿಯುವುದಿಲ್ಲ.

ಸ್ಯಾಂಪಲ್_ಟೈಲರ್ · ಜುಲೈ 6

ಒಂಬತ್ತು ವರ್ಷ ಬರೀ ಪಾಕೆಟ್ ಹೊಲಿದದ್ದು ಯಾರಿಗಾದರೂ ಉಪಯೋಗವಾಯಿತಲ್ಲ.

ಸುಮ್ಮನೆ_ಓದುವವ · ಜುಲೈ 7

ಮೇಡಂ, ಅಭಿನಂದನೆ. ಒಂದು ಸಣ್ಣ ಪ್ರಶ್ನೆ. ಆನ್‌ಲೈನಿನಲ್ಲಿ ತರಿಸಿದ ನನ್ನ ಪ್ಯಾಂಟಿನ ಜಿಪ್ ಎರಡನೇ ತಿಂಗಳಿಗೇ ಬಾಯಿಬಿಟ್ಟಿದೆ. ಅದನ್ನು ಮನೆಯಲ್ಲೇ ಬದಲಿಸಬಹುದೇ?

ದಾವಣಗೆರೆ_ಕತ್ತರಿ · ಜುಲೈ 7

ಬದಲಿಸಬಹುದು. ಅದಕ್ಕೆ ಬೇರೆ ಚರ್ಚೆ ಆರಂಭಿಸಿ, ಇದು ಸೀಟಿನ ಚರ್ಚೆ. ನಿಮ್ಮ ಮನೆಯಲ್ಲಿ ಮೆಷಿನ್ ಇದೆಯೇ?

ಸುಮ್ಮನೆ_ಓದುವವ · ಜುಲೈ 7

ಅಜ್ಜಿಯದು ಒಂದು ಇದೆ. ಅದರ ಮೇಲೆ ಟಿವಿ ಇಟ್ಟಿದ್ದೇವೆ.

ಎಣ್ಣೆಕೈ · ಜುಲೈ 7

ಟಿವಿ ಇಳಿಸಿ. ಮತ್ತೆ, ದಯವಿಟ್ಟು ತೆಂಗಿನೆಣ್ಣೆ ಬಿಡಬೇಡಿ.